ರಾತ್ರಿ ಹತ್ತೂವರೆಯ ಷೋ: ಕನ್ಸೋಲ್ ಕಂಪನಿಗಳ ಪ್ರದರ್ಶನವನ್ನು ತುಮಕೂರಿನಲ್ಲಿ ಗುಂಪಾಗಿ ನೋಡುವುದು ಹೇಗೆ

ಲಾಸ್ ಏಂಜಲೀಸ್‌ನಲ್ಲಿ 1995ರಲ್ಲಿ ಶುರುವಾದ ವಿಡಿಯೊ ಗೇಮ್‌ಗಳ ಇ3 ಮೇಳ 2023ರ ಡಿಸೆಂಬರ್‌ನಲ್ಲಿ ಅಧಿಕೃತವಾಗಿ ಮುಚ್ಚಿತು. ಆದರೆ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಕಂಪನಿಗಳು ಹೊಸ ಗೇಮ್‌ಗಳನ್ನು ಲೈವ್ ಆಗಿ ತೋರಿಸುವ ಜೂನ್ ತಿಂಗಳ ಜಾತ್ರೆ ನಿಂತಿಲ್ಲ. ಸಮ್ಮರ್ ಗೇಮ್ ಫೆಸ್ಟ್ ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಷೋಕೇಸ್ ಜೂನ್‌ನಲ್ಲಿ, ಜರ್ಮನಿಯ ಗೇಮ್ಸ್‌ಕಾಮ್ ಆಗಸ್ಟ್‌ನಲ್ಲಿ, ಟೋಕಿಯೋ ಮೇಳ ಸೆಪ್ಟೆಂಬರ್‌ನಲ್ಲಿ. ನಡುನಡುವೆ ಸೋನಿಯ ಸ್ಟೇಟ್ ಆಫ್ ಪ್ಲೇ, ನಿಂಟೆಂಡೊ ಡೈರೆಕ್ಟ್ ಎಂಬ ಆನ್‌ಲೈನ್ ಷೋಗಳು. ಒಬ್ಬರೇ ಮೊಬೈಲಿನಲ್ಲಿ ನೋಡಿ ಮಲಗುವುದಕ್ಕೂ ಹತ್ತು ಜನ ಸೇರಿ ನೋಡುವುದಕ್ಕೂ ಅಜಗಜಾಂತರ. ಗುಂಪಿನಲ್ಲಿ ನೋಡಿದರೆ ಮಜಾ ಜಾಸ್ತಿ, ಮೋಸಹೋಗುವುದೂ ಜಾಸ್ತಿ. ಮಜಾ ಉಳಿಯಬೇಕು, ಮೋಸ ಕಡಿಮೆಯಾಗಬೇಕು ಅಂದರೆ ಎರಡು ತಯಾರಿ ಬೇಕು: ಒಂದು ಕರೆಂಟು, ಕೇಬಲ್ಲಿನದು, ಇನ್ನೊಂದು ಪೇಪರ್, ಪೆನ್ನಿನದು.

ಮೊದಲು ಗಡಿಯಾರ

ಅಮೆರಿಕದ ಪಶ್ಚಿಮ ಕರಾವಳಿಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ ಹದಿಮೂರೂವರೆ. ಬೇಸಿಗೆಯಲ್ಲಿ ಲೆಕ್ಕ ಸುಲಭ: ಅಲ್ಲಿನ ಸಮಯಕ್ಕೆ ಅರ್ಧ ಗಂಟೆ ಕೂಡಿಸಿ, ಬೆಳಿಗ್ಗೆಯನ್ನು ರಾತ್ರಿ ಮಾಡಿ. 2024 ಮತ್ತು 2025ರಲ್ಲಿ ಎಕ್ಸ್‌ಬಾಕ್ಸ್ ಷೋಕೇಸ್ ಅಲ್ಲಿನ ಭಾನುವಾರ ಬೆಳಿಗ್ಗೆ 10ಕ್ಕೆ ಇತ್ತು, ಅಂದರೆ ನಮಗೆ ಭಾನುವಾರ ರಾತ್ರಿ 10:30. ಗೇಮ್ಸ್‌ಕಾಮ್‌ನ ಉದ್ಘಾಟನಾ ಕಾರ್ಯಕ್ರಮ ಜರ್ಮನಿಯ ರಾತ್ರಿ 8ಕ್ಕೆ, ಇಲ್ಲಿ 11:30.

ಎಡವುವುದು ಸಮ್ಮರ್ ಗೇಮ್ ಫೆಸ್ಟ್ ವಿಷಯದಲ್ಲಿ. ಅಲ್ಲಿನ ಶುಕ್ರವಾರ ಮಧ್ಯಾಹ್ನ 2 ಅಂದರೆ ನಮಗೆ ಶನಿವಾರ ಬೆಳಗಿನ ಜಾವ 2:30. ಗ್ರೂಪಿಗೆ ‘ಶನಿವಾರ 2:30’ ಎಂದಷ್ಟೇ ಮೆಸೇಜ್ ಹಾಕಿದರೆ ಅರ್ಧ ಜನ ಶನಿವಾರ ಮಧ್ಯಾಹ್ನ ಬರುತ್ತಾರೆ, ಇನ್ನರ್ಧ ಶನಿವಾರ ರಾತ್ರಿ. ‘ಶುಕ್ರವಾರ ಊಟ ಮುಗಿಸಿ ಬನ್ನಿ, ನಡುರಾತ್ರಿ 2:30ಕ್ಕೆ ಷೋ’ ಎಂದು ಬರೆಯಿರಿ.

ಜಾಗ, ಸದ್ದು, ಕರೆಂಟು

ಹತ್ತೂವರೆಗೆ ಶುರುವಾಗುವ ಷೋಗೆ ತಾರಸಿ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮವಿದೆ. ಅದು ಹಾಗಿರಲಿ, ಎಸ್.ಎಸ್. ಪುರಂ, ಅಶೋಕನಗರದಂಥ ಕಡೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ಟ್ರೇಲರ್ ಸಿಡಿದರೆ ಪಕ್ಕದ ಮನೆ ಆಂಟಿ ಬಾಗಿಲು ಬಡಿಯುತ್ತಾರೆ. ಕಿಟಕಿ ಮುಚ್ಚಬಹುದಾದ ಒಳಕೋಣೆಯೇ ಸರಿ. ಮೇ ಕೊನೆ, ಜೂನ್‌ನಲ್ಲಿ ಗಾಳಿ ಮಳೆ ಬಂದರೆ ತಾರಸಿ ಹೇಗೂ ಕೈಕೊಡುತ್ತದೆ.

ಎಂಟು ಹತ್ತು ಜನಕ್ಕೆ 55 ಇಂಚಿನ ಟಿವಿ ಪ್ರೊಜೆಕ್ಟರ್‌ಗಿಂತ ಮೇಲು. ಬಾಡಿಗೆ ಪ್ರೊಜೆಕ್ಟರ್ ತಂದು ಬಿಳಿ ಪಂಚೆಯ ಮೇಲೆ ಬಿಟ್ಟರೆ ಕತ್ತಲೆಯ ದೃಶ್ಯಗಳೆಲ್ಲ ಬೂದುಬಣ್ಣದ ಗಂಜಿಯಾಗುತ್ತವೆ, ಹಾರರ್ ಗೇಮಿನ ಟ್ರೇಲರ್‌ನಲ್ಲಿ ಏನೂ ಕಾಣುವುದಿಲ್ಲ. ಹದಿನೈದು ಮಂದಿ ದಾಟಿದರೆ ಮಾತ್ರ ಪ್ರೊಜೆಕ್ಟರ್ ತನ್ನಿ. ಆಗಲೂ ಟ್ಯೂಬ್‌ಲೈಟ್ ಪೂರ್ತಿ ಆರಿಸಿ, ಪರದೆಯನ್ನು 80 ಇಂಚಿಗೆ ಇಳಿಸಿ.

ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಎಳೆಯುವುದಾದರೆ 5 ಮೀಟರ್ ಒಳಗಿರಲಿ. ವಿಂಡೋಸ್ ಕೀ ಜತೆ ಪಿ ಒತ್ತಿ, ಎರಡನೇ ಪರದೆಯನ್ನು ಮಾತ್ರ ಆರಿಸಿ. ‘ಡುಪ್ಲಿಕೇಟ್’ ಇಟ್ಟರೆ ಎರಡು ಪರದೆಗಳಿಗೂ ಹೊಂದುವ ರೆಸಲ್ಯೂಷನ್‌ಗೆ ಚಿತ್ರ ಇಳಿದುಬಿಡಬಹುದು. ಸ್ಲೀಪ್ ಆಫ್ ಮಾಡಿ, ನೋಟಿಫಿಕೇಷನ್ ಬಂದ್ ಮಾಡಿ. ಹೊಸ ಕನ್ಸೋಲ್ ತೋರಿಸುವ ಹೊತ್ತಿಗೇ ಯಾರದೋ ವಾಟ್ಸ್‌ಆ್ಯಪ್ ಪರದೆ ಮೇಲೆ ಬಂದು ಕೂರಬಾರದು. ಸ್ಪೀಕರ್‌ಗೆ ಬ್ಲೂಟೂತ್ ಬೇಡ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಮಾಮೂಲಿ ಆಕ್ಸ್ ವೈರ್ ಸಾಕು.

ಕರೆಂಟು ಹೋಗುತ್ತದೆ ಎಂದುಕೊಂಡೇ ಹೊರಡಿ. 12 ವೋಲ್ಟ್, 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್‌ನಲ್ಲಿ ನಷ್ಟವೆಲ್ಲ ಕಳೆದು ಸುಮಾರು 1,100 ವ್ಯಾಟ್-ಅವರ್ ಸಿಗುತ್ತದೆ. ಟಿವಿ 120, ಲ್ಯಾಪ್‌ಟಾಪ್ 65, ಸ್ಪೀಕರ್ 40, ರೌಟರ್ 12, ಎರಡು ಫ್ಯಾನ್ 140: ಒಟ್ಟು 380 ವ್ಯಾಟ್ ಆಸುಪಾಸು. ಬ್ಯಾಟರಿ ಹೊಸದಾಗಿದ್ದರೆ ಹೆಚ್ಚುಕಡಿಮೆ ಮೂರು ಗಂಟೆಗೆ ತೊಂದರೆಯಿಲ್ಲ, ನಾಲ್ಕು ವರ್ಷ ಹಳೆಯದಾದರೆ ಅರ್ಧ ಹಿಡಿಯಿರಿ. ಇನ್ವರ್ಟರ್ ಹಿಂದುಗಡೆ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಕರೆಂಟು ಹೋದ ಆ ಕ್ಷಣದಲ್ಲಿ ರೌಟರ್ ಆಫ್ ಆಗಿ ಮತ್ತೆ ಏಳುತ್ತದೆ, ಎರಡು ಮೂರು ನಿಮಿಷ ನೆಟ್ ಇಲ್ಲ. ದೊಡ್ಡ ಘೋಷಣೆ ಬರುವುದೇ ಆ ಎರಡು ನಿಮಿಷದಲ್ಲಿ. ಬೆಸ್ಕಾಂ 1912ಕ್ಕೆ ಫೋನ್ ಹಚ್ಚಿ ಕೂರುವುದಕ್ಕಿಂತ ಇದು ಲೇಸು.

1080ಪಿ, ಸೆಕೆಂಡಿಗೆ 60 ಫ್ರೇಮ್‌ನ ಲೈವ್‌ಗೆ 10 ಎಂಬಿಪಿಎಸ್ ನಿರಂತರ ಸಿಕ್ಕರೆ ಸಾಕು. ಎರಡು ಗಂಟೆಗೆ 5-6 ಜಿಬಿ ಹೋಗುತ್ತದೆ. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕನ್ನು ನಂಬಿ ಹಾಟ್‌ಸ್ಪಾಟ್ ಇಟ್ಟುಕೊಂಡವರು ಅರ್ಧ ಗಂಟೆಗೇ ಸುಸ್ತಾಗುತ್ತಾರೆ. 4ಕೆ ಹಟ ಬಿಡಿ. ಚಿತ್ರ ತಡವರಿಸಿದರೆ ಆಟೋ ಬದಲು 720ಪಿ 60ಕ್ಕೆ ಕೈಯಾರೆ ಇಳಿಸಿ. ಗೇಮಿನ ಚಲನೆ ತಿಳಿಯಲು ರೆಸಲ್ಯೂಷನ್‌ಗಿಂತ ಫ್ರೇಮ್ ಮುಖ್ಯ. ಲೈವ್ ಲಿಂಕನ್ನು ಕಂಪನಿಯ ಅಧಿಕೃತ ಚಾನೆಲ್‌ನಿಂದಲೇ ತೆಗೆದಿಟ್ಟುಕೊಳ್ಳಿ. ದೊಡ್ಡ ಷೋ ದಿನ ಅದೇ ಹೆಸರು, ಅದೇ ಲೋಗೊ ಹಾಕಿಕೊಂಡು ಕ್ಯೂಆರ್ ಕೋಡ್ ತೋರಿಸುವ ಕಳ್ಳ ಚಾನೆಲ್‌ಗಳು ಏಳುತ್ತವೆ.

ಇನ್ನೊಂದು ಕಟ್ಟುನಿಟ್ಟು: ಮೊಬೈಲ್‌ಗಳೆಲ್ಲ ಬುಟ್ಟಿಗೆ. ಒಂದೊಂದು ಸಾಧನದಲ್ಲಿ ಲೈವ್ ಒಂದೊಂದು ಹೊತ್ತಿಗೆ ಬರುತ್ತದೆ, ಹತ್ತಿಪ್ಪತ್ತು ಸೆಕೆಂಡಿನ ವ್ಯತ್ಯಾಸ ಮಾಮೂಲು. ಮೂಲೆಯಲ್ಲಿ ಕೂತವನು ಫೋನ್ ನೋಡಿ ‘ಬಂತು ಮಗಾ!’ ಎಂದು ಕೂಗಿದರೆ ಉಳಿದವರ ರಾತ್ರಿ ಕೆಟ್ಟಂತೆ.

ಪೇಪರ್, ಪೆನ್ನು

ಪ್ರತಿಯೊಬ್ಬರಿಗೂ ಒಂದು ಎ4 ಹಾಳೆ. ಮೇಲಿನ ಕಾಲುಭಾಗದಲ್ಲಿ ಷೋಗೆ ಮೊದಲೇ ಐದು ಊಹೆ ಬರೆಸಿ, ಕೇಳಿಬಂದ ಗಾಳಿಸುದ್ದಿಗಳನ್ನೂ ಸೇರಿಸಿ. ‘ಏನಾದರೂ ದೊಡ್ಡದು ಬರುತ್ತೆ’ ಎಂಬುದು ಊಹೆಯಲ್ಲ. ‘ಈ ಗೇಮಿಗೆ ದಿನಾಂಕ ಹೇಳುತ್ತಾರೆ’ ಎಂಬುದು ಊಹೆ. ಬರೆಯದಿದ್ದರೆ ಷೋ ಮುಗಿದ ಮೇಲೆ ಎಲ್ಲರೂ ‘ನಾನಾಗಲೇ ಹೇಳಿದ್ದೆ’ ಅನ್ನುವವರೇ.

ಕೆಳಗೆ ಐದು ಕಲಂ: ಗೇಮಿನ ಹೆಸರು, ತೋರಿಸಿದ್ದೇನು, ಯಾವಾಗ, ಯಾವುದರಲ್ಲಿ, ಮತ್ತು ಸೊನ್ನೆಯಿಂದ ಐದರೊಳಗೆ ಒಂದು ಅಂಕ. ಟ್ರೇಲರ್‌ಗಳು ಒಂದರ ಬೆನ್ನಿಗೆ ಒಂದು ಬರುವುದರಿಂದ ವಾಕ್ಯ ಬರೆಯಲು ಪುರುಸೊತ್ತಿಲ್ಲ, ಅಕ್ಷರ ಮತ್ತು ಅಂಕಿ ಅಷ್ಟೇ. ಅಂಕವನ್ನು ಪಕ್ಕದವನ ಮುಖ ನೋಡುವ ಮೊದಲು ಹಾಕಬೇಕು. ಒಬ್ಬರು ಗೋಡೆ ಗಡಿಯಾರದ ಹೊತ್ತು ಬರೆದುಕೊಳ್ಳಲಿ, ವಿಡಿಯೊದ ನಿಮಿಷವನ್ನಲ್ಲ. ಷೋ ಮುಗಿದ ಮೇಲೆ ಮುಂಚಿನ ಕೌಂಟ್‌ಡೌನ್ ಕತ್ತರಿಸಿದರೆ ಆ ನಿಮಿಷಗಳೆಲ್ಲ ಏರುಪೇರಾಗುತ್ತವೆ.

‘ತೋರಿಸಿದ್ದೇನು’ ಕಲಂ ಎಲ್ಲಕ್ಕಿಂತ ಮುಖ್ಯ. ಮೂರೇ ಗುರುತು. ಬರೀ ಅನಿಮೇಷನ್ ಚಿತ್ರವಾದರೆ ‘ಚಿ’. ಗೇಮಿನ ಎಂಜಿನ್‌ನಲ್ಲೇ (ಗೇಮನ್ನು ನಡೆಸುವ ಸಾಫ್ಟ್‌ವೇರ್‌ನಲ್ಲೇ) ಮೂಡಿದ್ದು, ಆದರೆ ಯಾರೂ ಆಡುತ್ತಿಲ್ಲ ಎಂದಾದರೆ ‘ಎಂ’. ಕ್ಯಾಮೆರಾ ಆಟಗಾರ ಆಡಿಸುವ ಪಾತ್ರದ ಬೆನ್ನ ಹಿಂದಿದ್ದು, ಪರದೆಯ ಮೇಲೆ ಜೀವದ ಪಟ್ಟಿ, ಗುಂಡಿನ ಎಣಿಕೆ ಕಾಣುತ್ತಿದ್ದರೆ ‘ಆ’, ಅಂದರೆ ಆಟ. ಇದಕ್ಕೆ ಸುಳಿವು ಪರದೆಯ ಅಡಿಯಲ್ಲಿರುತ್ತದೆ. ಟ್ರೇಲರ್ ಶುರುವಾದ ಮೊದಲ ಎರಡು ಮೂರು ಸೆಕೆಂಡು, ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಬೂದು ಅಕ್ಷರದಲ್ಲಿ ‘ಇನ್-ಎಂಜಿನ್ ಫುಟೇಜ್’, ‘ನಾಟ್ ಆ್ಯಕ್ಚುಯಲ್ ಗೇಮ್‌ಪ್ಲೇ’ ಅಥವಾ ‘ಕ್ಯಾಪ್ಚರ್ಡ್ ಆನ್ ಪಿಎಸ್5’ (ಪಿಎಸ್ ಅಂದರೆ ಸೋನಿಯ ಪ್ಲೇಸ್ಟೇಷನ್ ಕನ್ಸೋಲ್) ಎಂಬ ಸಾಲು ಬಂದು ಮಾಯವಾಗುತ್ತದೆ. ಆಗಲೇ ಎಲ್ಲರೂ ‘ಯಾವ ಗೇಮೋ ಇದು’ ಎಂದು ಗದ್ದಲ ಹಾಕುತ್ತಿರುತ್ತಾರೆ. ಆ ಸಾಲನ್ನು ಓದಲೆಂದೇ ಕಣ್ಣು ಚುರುಕಿರುವ ಒಬ್ಬರನ್ನು ಮುಂದೆ ಕೂರಿಸಿ.

ಈ ಗುರುತು ಯಾಕೆ ಬೇಕು? 2005ರ ಇ3ಯಲ್ಲಿ ಸೋನಿ ತೋರಿಸಿದ ಕಿಲ್‌ಝೋನ್ ವಿಡಿಯೊ ಕಂಡು ಸಭೆ ಬೆರಗಾಯಿತು. ಅದು ಮೊದಲೇ ತಯಾರಿಸಿದ ಅನಿಮೇಷನ್ ಎಂಬುದು ಆಮೇಲೆ ಬಯಲಾಯಿತು, ಗೇಮ್ ಅಂಗಡಿಗೆ ಬಂದದ್ದು 2009ರಲ್ಲಿ. 2012ರ ವಾಚ್ ಡಾಗ್ಸ್ ಡೆಮೊ ಮತ್ತು 2014ರಲ್ಲಿ ಕೈಗೆ ಬಂದ ವಾಚ್ ಡಾಗ್ಸ್ ಅಕ್ಕಪಕ್ಕ ಇಟ್ಟು ನೋಡಿದರೆ ಮಳೆ, ಬೆಳಕು, ಹೊಗೆ ಎಲ್ಲ ಸೊರಗಿವೆ. ಹಾಗಾಗಿ ‘ಆ’ ಗುರುತು ಬಿದ್ದರೂ ಕಣ್ಣು ಮುಚ್ಚಿ ನಂಬುವುದು ಬೇಡ.

‘ಯಾವಾಗ’ ಕಲಂನಲ್ಲಿ ದಿನಾಂಕ, ತಿಂಗಳು, ವರ್ಷ, ಇಲ್ಲವೇ ಅಡ್ಡಗೆರೆ. ಬರೀ ಲೋಗೊ ತೋರಿಸಿದ್ದಕ್ಕೆ ಕುಣಿದಾಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಮೆಟ್ರಾಯ್ಡ್ ಪ್ರೈಮ್ 4ರ ಲೋಗೊ ಬಂದದ್ದು 2017ರ ಜೂನ್‌ನಲ್ಲಿ. 2019ರ ಜನವರಿಯಲ್ಲಿ ಕೆಲಸವನ್ನು ಮೊದಲಿನಿಂದ ಶುರುಮಾಡುತ್ತೇವೆಂದು ನಿಂಟೆಂಡೊ ಹೇಳಿತು. ಗೇಮ್ ಬಂದದ್ದು 2025ರ ಡಿಸೆಂಬರ್‌ನಲ್ಲಿ. 2022ರ ಎಕ್ಸ್‌ಬಾಕ್ಸ್ ಷೋನಲ್ಲಿ, ತೋರಿಸಿದ್ದೆಲ್ಲ ಮುಂದಿನ 12 ತಿಂಗಳಲ್ಲಿ ಆಡಲು ಸಿಗುತ್ತದೆ ಎಂದರು. ಅದರಲ್ಲಿದ್ದ ಸಿಲ್ಕ್‌ಸಾಂಗ್ ಗೇಮ್ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. ದಿನಾಂಕ ಹೇಳಿದರೂ ಅದು ಕಲ್ಲಿನ ಮೇಲೆ ಕೊರೆದದ್ದಲ್ಲ: 2019ರ ಇ3 ವೇದಿಕೆಗೆ ಹಾಲಿವುಡ್ ನಟ ಕಿಯಾನು ರೀವ್ಸ್ ಬಂದು ಸೈಬರ್‌ಪಂಕ್ 2077 ಮುಂದಿನ ಏಪ್ರಿಲ್ 16ಕ್ಕೆ ಎಂದರು, ಅದು ಮೂರು ಸಲ ಮುಂದಕ್ಕೆ ಹೋಗಿ ಡಿಸೆಂಬರ್ 10ಕ್ಕೆ ಬಂತು. ಬಂದು ಸುಮಾರು ಒಂದು ವಾರಕ್ಕೇ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದೂ ಹಾಕಿತು.

‘ಯಾವುದರಲ್ಲಿ’ ಎಂಬಲ್ಲಿ ‘ಕನ್ಸೋಲ್ ಎಕ್ಸ್‌ಕ್ಲೂಸಿವ್’ ಎಂದಿದ್ದರೆ ಪಿಸಿಯಲ್ಲೂ ಬರಬಹುದು, ‘ಲಾಂಚ್ ಎಕ್ಸ್‌ಕ್ಲೂಸಿವ್’ ಎಂದರೆ ಸ್ವಲ್ಪ ದಿನ ಬಿಟ್ಟು ಎದುರಾಳಿ ಕನ್ಸೋಲ್‌ಗೂ ಬರಬಹುದು. ‘ವರ್ಲ್ಡ್ ಪ್ರೀಮಿಯರ್’ ಅಂದರೆ ವಿಡಿಯೊ ಹೊಸದು, ಬೇರೇನೂ ಅಲ್ಲ.

ಚಪ್ಪಾಳೆಯನ್ನು ಓದುವುದು

ಸಭಾಂಗಣದ ಚಪ್ಪಾಳೆಗೆ ಅಂಕ ಕೊಡಬೇಡಿ. ಇ3 ಮೂಲತಃ ವ್ಯಾಪಾರಿಗಳ ಮೇಳ. 2017ರಲ್ಲಿ ಮೊದಲ ಸಲ 15,000 ಟಿಕೆಟ್ ಸಾರ್ವಜನಿಕರಿಗೆ ಮಾರಾಟವಾದವು. ಸೀಟುಗಳಲ್ಲಿ ಕಂಪನಿಯ ಕಡೆಯವರೂ ಇರುತ್ತಾರೆ. ಈಗಿನ ಬಹುಪಾಲು ಷೋಗಳು ಮೊದಲೇ ರೆಕಾರ್ಡ್ ಆದವು, ಚಪ್ಪಾಳೆಯೇ ಇಲ್ಲ.

ಚಪ್ಪಾಳೆಯ ನಡುವೆ ನುಸುಳಿ ಹೋಗುವುದನ್ನು ಹಿಡಿಯುವುದೇ ಜಾಣತನ. 2013ರ ಇ3 ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಎಕ್ಸ್‌ಬಾಕ್ಸ್ ಒನ್ 499 ಡಾಲರ್, ಆಡಿ ಮುಗಿದ ಗೇಮ್ ಡಿಸ್ಕ್ ಮಾರಲು ಕಟ್ಟುಪಾಡು. ಅದೇ ದಿನ ಸಂಜೆ ಸೋನಿ, ಪಿಎಸ್4ಗೆ 399 ಡಾಲರ್, ಡಿಸ್ಕ್ ಯಾರಿಗೆ ಬೇಕಾದರೂ ಕೊಡಿ ಎಂದಿತು. ಸಭೆ ಎದ್ದು ಕೂಗಿತು. ಪಿಎಸ್4ನಲ್ಲಿ ಆನ್‌ಲೈನ್‌ನಲ್ಲಿ ಇತರರ ಜತೆ ಆಡಲು ಇನ್ನು ಪಿಎಸ್ ಪ್ಲಸ್ ಚಂದಾ ಕಟ್ಟಬೇಕು ಎಂಬ ವಿಷಯ ಅದೇ ಷೋನಲ್ಲಿ ಇತ್ತು, ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ಪಿಎಸ್3ರಲ್ಲಿ ಅದು ಪುಕ್ಕಟೆಯಾಗಿತ್ತು. ಆದ್ದರಿಂದ ಬೆಲೆ ಹೇಳಿದ ಮುಂದಿನ ಐದು ನಿಮಿಷ ಮಾತು ನಿಲ್ಲಿಸಿ, ಕಿವಿಗೊಡಿ.

ಕೋಪವನ್ನೂ ತೂಗಿ ನೋಡಬೇಕು. 2013ರ ಕೋಪಕ್ಕೆ ಮೈಕ್ರೋಸಾಫ್ಟ್ ಜೂನ್ 19ಕ್ಕೇ ಕಟ್ಟುಪಾಡು ಕೈಬಿಟ್ಟಿತು, ಏಕೆಂದರೆ ಕನ್ಸೋಲ್ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ, ನಿಯಮ ಬದಲಿಸಲು ಸಾಫ್ಟ್‌ವೇರ್ ತಿದ್ದಿದರೆ ಸಾಕಿತ್ತು. ಬೆಲೆ ಇಳಿದದ್ದು ಒಂದು ವರ್ಷ ಕಳೆದು, ಅದೂ ಜತೆಗೆ ಕೊಡುತ್ತಿದ್ದ ಕಿನೆಕ್ಟ್ ಕ್ಯಾಮೆರಾ ತೆಗೆದು. 2025ರ ಏಪ್ರಿಲ್‌ನಲ್ಲಿ ನಿಂಟೆಂಡೊದ ಹೊಸ ಕನ್ಸೋಲ್ ಸ್ವಿಚ್ 2ಕ್ಕೆ 449.99 ಡಾಲರ್ ಎಂದಾಗ ನಿಂಟೆಂಡೊ ಲೈವ್‌ನ ಚಾಟ್ ತುಂಬಾ ‘ಬೆಲೆ ಇಳಿಸಿ’ ಎಂಬುದೇ ಓಡಿತು. ಜೂನ್ 5ಕ್ಕೆ ಮಾರಾಟ ಶುರುವಾಗಿ ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಹೆಚ್ಚು ಖರ್ಚಾದವು. ಚಾಟ್ ಓಡುವ ವೇಗ ನೋಡಿ ‘ಈ ಕನ್ಸೋಲ್ ಮುಳುಗಿತು’ ಎಂದು ಪಂದ್ಯ ಕಟ್ಟಬೇಡಿ.

ನಿಮ್ಮ ಗುಂಪಿನ ಕೂಗಾಟವನ್ನು ವಿಡಿಯೊ ಮಾಡಿ ಹಾಕುವ ಆಸೆಯಿದ್ದರೆ ಕ್ಯಾಮೆರಾ ಮುಖಗಳ ಕಡೆಗಿರಲಿ, ಪರದೆಯ ಕಡೆಗಲ್ಲ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಆಮೇಲೆ ದೃಶ್ಯ, ಸದ್ದು ಹೊಂದಿಸಲು ಗುರುತಾಗುತ್ತದೆ. ಟ್ರೇಲರ್‌ನ ಹಾಡಿಗೆ ಕಾಪಿರೈಟ್ ತಕರಾರು ಬರುವುದು ಸಾಮಾನ್ಯ, ಹಾಡಿರುವ ಕಡೆ ಸದ್ದು ತಗ್ಗಿಸಿ. ಫೋನಿನಲ್ಲಿ 15 ಜಿಬಿ ಖಾಲಿ ಇಡಿ, ಚಾರ್ಜರ್ ಸಿಕ್ಕಿಸಿಯೇ ಇಡಿ. ತಿನ್ನಲು ಚುರುಮುರಿ ಬೇಡ, ಕೀಬೋರ್ಡ್ ಸಂದಿಗೆ ಮಂಡಕ್ಕಿ ಹೋಗುತ್ತದೆ. ಒಬ್ಬಟ್ಟೋ ಬಾಳೆಹಣ್ಣೋ ಇರಲಿ.

ಮರುದಿನದ ಕೆಲಸ

ಸಂಜೆ ಅದೇ ಟ್ರೇಲರ್‌ಗಳನ್ನು ಒಬ್ಬೊಬ್ಬರೇ, ಸದ್ದು ಆರಿಸಿ ಮತ್ತೆ ನೋಡಿ, ಎರಡನೇ ಅಂಕ ಹಾಕಿ. ರಾತ್ರಿ 5, ಸಂಜೆ 2 ಎಂದಾದರೆ ನಿಮ್ಮನ್ನು ಹಿಡಿದದ್ದು ಹಾಡು ಮತ್ತು ಗುಂಪು, ಗೇಮಲ್ಲ. ಎರಡೂ ಸಲ 4 ಬಿದ್ದ, ‘ಆ’ ಗುರುತಿರುವ, ದಿನಾಂಕ ಇರುವ ಗೇಮ್‌ಗಳನ್ನು ಬೇರೆ ಪಟ್ಟಿ ಮಾಡಿ. ಒಂದು ಷೋನಿಂದ ಅಂಥವು ಮೂರು ನಾಲ್ಕು ಉಳಿದರೆ ಒಳ್ಳೆಯ ಷೋ.

ಬೆಲೆಯನ್ನು ಡಾಲರ್‌ನಿಂದ ನೇರ ರೂಪಾಯಿಗೆ ತಿರುಗಿಸಬೇಡಿ. ಅಮೆರಿಕದಲ್ಲಿ ಹೇಳುವ ಬೆಲೆಗೆ ಅಲ್ಲಿನ ತೆರಿಗೆ ಸೇರಿರುವುದಿಲ್ಲ, ಇಲ್ಲಿ ಆಮದು ಸುಂಕ, ಜಿಎಸ್‌ಟಿ ಎರಡೂ ಸೇರುತ್ತವೆ. 499 ಡಾಲರ್‌ನ ಪಿಎಸ್5, 2021ರ ಫೆಬ್ರವರಿ 2ಕ್ಕೆ ಇಲ್ಲಿಗೆ ಬಂದಾಗ 49,990 ರೂಪಾಯಿ. ಆಗಿನ ವಿನಿಮಯ ದರದಲ್ಲಿ 499 ಡಾಲರ್ ಅಂದರೆ 36-37 ಸಾವಿರ. ನೇರ ಲೆಕ್ಕಕ್ಕೆ ಮೂರನೇ ಒಂದು ಭಾಗ ಸೇರಿಸಿದರೆ ನಿಜಕ್ಕೆ ಹತ್ತಿರ ಬರುತ್ತೀರಿ. ಬರುವುದೂ ತಡ: ಅಮೆರಿಕದಲ್ಲಿ ಅದು 2020ರ ನವೆಂಬರ್‌ನಲ್ಲೇ ಸಿಕ್ಕಿತ್ತು. 2024ರಲ್ಲಿ ಪಿಎಸ್5 ಪ್ರೊ ಬಿಡುಗಡೆಯಾದಾಗ ಭಾರತಕ್ಕೆ ಬರಲೇ ಇಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ.

ನಿಂಟೆಂಡೊ ಕನ್ಸೋಲ್‌ಗಳನ್ನು ಇಲ್ಲಿ ತರಿಸಿ ಮಾರುವವರು ಹೆಚ್ಚಾಗಿ ಖಾಸಗಿ ಆಮದುದಾರರು. ಬೆಂಗಳೂರಿನ ಅಂಗಡಿಗೆ ಮುಂಗಡ ಕೊಡುವ ಮೊದಲು ಮೂರು ಸಂಗತಿ ಕೇಳಿ, ಬಿಲ್ಲಿನ ಮೇಲೇ ಬರೆಸಿಕೊಳ್ಳಿ: ಕನ್ಸೋಲ್ ಯಾವ ದೇಶದ ಮಾದರಿ, ರಿಪೇರಿಯ ಹೊಣೆ ಎಷ್ಟು ತಿಂಗಳು ಮತ್ತು ಯಾರದು, ಬಿಡುಗಡೆ ಮುಂದಕ್ಕೆ ಹೋದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್. ಜಪಾನ್‌ನಲ್ಲಿ ಮಾರುವ ಸ್ವಿಚ್ 2ರ ಕಡಿಮೆ ಬೆಲೆಯ ಮಾದರಿಯಲ್ಲಿ ಜಪಾನಿ ಭಾಷೆ ಮಾತ್ರ ಇದೆ. ‘ಅಗ್ಗಕ್ಕೆ ಕೊಡ್ತೀವಿ ಬನ್ನಿ’ ಎಂದರೆ ಡಬ್ಬಿಯ ಮೇಲೆ ಅದನ್ನೇ ಮೊದಲು ನೋಡಿ.