ನಾಲ್ಕು ಮನೆ ಶ್ರುತಿಯಲ್ಲಿ ಶೋಪಾನ್

ಮೈಸೂರಿನಲ್ಲಿ ಪೋಲೆಂಡಿನ ಸಂಗೀತಗಾರ ಶೋಪಾನ್‌ನ ಎಫ್ ಮೈನರ್ ಕನ್ಸರ್ಟೊ (ಪಿಯಾನೊಗೂ ವಾದ್ಯವೃಂದಕ್ಕೂ ಬರೆದ ಮೂರು ಭಾಗದ ಕೃತಿ) ಹೇಗೆ ನುಡಿಸಿದಿರಿ ಎಂದು ಈಗ ಫೋನ್ ಮಾಡುವವರಲ್ಲಿ ಅರ್ಧ ಮಂದಿ, ಅವತ್ತು "ಸುಮ್ನೆ ಇನ್ನೊಂದು ಪಿಯಾನೊ ಇಟ್ಕೊಂಡು ಮುಗಿಸಿ ಸಾರ್" ಎಂದು ಬುದ್ಧಿ ಹೇಳಿದವರೇ. ಕರ್ನಾಟಕ ಸಂಗೀತದ ಪಿಟೀಲಿನವರನ್ನು ಕೂರಿಸಿಕೊಂಡು ಮಾಡುತ್ತೇನೆ ಎಂದಾಗ ಅವರು ನಕ್ಕಿದ್ದೂ ನೆನಪಿದೆ. ಕಛೇರಿ ಆಯಿತು, ಎರಡು ಸಲ ಆಯಿತು, ಎರಡನೇ ಸಲ ಕೈಯಿಂದ ದುಡ್ಡೂ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಾದ್ಯವೃಂದದ ಬದಲು ಎರಡನೇ ಪಿಯಾನೊ ಯಾಕೆ ಬೇಡ ಎಂದು ನುಡಿಸಿದವರಿಗೆ ಗೊತ್ತು. ಶುರುವಿನಲ್ಲಿ ಪಿಯಾನೊ ಬಾಯಿ ಬಿಡುವ ಮುಂಚೆ 70 ಬಾರ್ (ತಾಳದ ಆವರ್ತದಂಥ ಅಳತೆ) ವಾದ್ಯವೃಂದದ್ದೇ. ಅಷ್ಟನ್ನೂ ಇನ್ನೊಂದು ಪಿಯಾನೊ ನುಡಿಸಿಬಿಟ್ಟರೆ, ನಾವು ಬಂದಾಗ ಹೊಸ ದನಿ ಬಂತು ಅನ್ನುವುದೇ ಇರುವುದಿಲ್ಲ. ಎರಡನೆಯ, ನಿಧಾನದ ಭಾಗ ಲಾರ್ಗೆಟ್ಟೊದ ನಡುವೆ ಮಾತಾಡಿದಂತೆ ಸಾಗುವ ರೆಸಿಟೆಟಿವ್ ಇನ್ನೂ ಕಷ್ಟ. ತಂತಿವಾದ್ಯಗಳು ಟ್ರೆಮೊಲೊದಲ್ಲಿ ನಡುಗಬೇಕು, ಪಿಟೀಲಿನ ಬಳಗದ ಅತಿ ತಗ್ಗು ದನಿಯ ಡಬಲ್ ಬೇಸ್ ಬೆರಳಲ್ಲಿ ಮೀಟಬೇಕು. ಅದನ್ನು ಪಿಯಾನೊದಲ್ಲಿ ಗುಡುಗುಡು ಅನ್ನಿಸಿದರೆ ಮೂಕಿ ಚಿತ್ರದ ಹಿನ್ನೆಲೆ ಕೇಳಿದಂತಾಗುತ್ತದೆ.

ಶೋಪಾನ್‌ಗೆ ವಾದ್ಯವೃಂದ ಬರೆಯಲು ಬರುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಜರ್ಮನ್ ಪಿಯಾನೊ ವಾದಕ ಕ್ಲಿಂಡ್‌ವರ್ತ್ ಇಡೀ ಎಫ್ ಮೈನರನ್ನು ವಾದ್ಯವೃಂದಕ್ಕೆ ತಿರುಗಿ ಬರೆದೇಬಿಟ್ಟ. ನನಗೆ ಶೋಪಾನ್ ಬರೆದ ವಾದ್ಯವೃಂದದ ಆ ತೆಳುವೇ ಅನುಕೂಲವಾಯಿತು. ದಟ್ಟವಾಗಿ ಬರೆಯುವ ಬ್ರಾಮ್ಸ್ ಆಗಿದ್ದರೆ ಐದು ಜನರಲ್ಲಿ ಸತ್ತೇ ಹೋಗುತ್ತಿತ್ತು. ಆ ಕಾಲದಲ್ಲಿ ಇಂಥ ಕನ್ಸರ್ಟೊಗಳನ್ನು ನಾಲ್ಕೈದು ತಂತಿವಾದ್ಯದ ಜೊತೆ ಮನೆಯಲ್ಲಿ ನುಡಿಸುವುದು ಮಾಮೂಲಾಗಿತ್ತು. 1830ರ ಮಾರ್ಚ್ 17ರಂದು ವಾರ್ಸಾದ ನ್ಯಾಷನಲ್ ಥಿಯೇಟರ್‌ನಲ್ಲಿ ಇದರ ಮೊದಲ ಕಛೇರಿ ಆಗುವ ಮುಂಚೆ, ಇಪ್ಪತ್ತರ ಹುಡುಗ ಶೋಪಾನ್ ಕೂಡ ಮನೆಯಲ್ಲೇ ಚಿಕ್ಕ ಮೇಳದ ಜೊತೆ ನುಡಿಸಿ ನೋಡಿದ್ದ.

ಜನ ಎಲ್ಲಿಂದ ತರುವುದು? ಮೊದಲ ಪಿಟೀಲಿಗೆ ಚರ್ಚ್‌ನಲ್ಲೂ ಸಿನಿಮಾ ರೆಕಾರ್ಡಿಂಗಿನಲ್ಲೂ ನುಡಿಸುವ, ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದುವ ಒಬ್ಬರು ಸಿಕ್ಕರು. ಚೆಲ್ಲೊ, ಡಬಲ್ ಬೇಸ್ ಬೆಂಗಳೂರಿನಿಂದ. ಎರಡನೇ ಪಿಟೀಲು ಮತ್ತು ಪಿಟೀಲಿಗಿಂತ ಸ್ವಲ್ಪ ದೊಡ್ಡ, ತಗ್ಗು ದನಿಯ ವಯೋಲಾಕ್ಕೆ ಯಾರೂ ಇಲ್ಲ. ವಯೋಲಾ ನುಡಿಸುವವರನ್ನು ಹುಡುಕಿ ಸೋತವರು ನಮ್ಮಲ್ಲಿ ಎಷ್ಟು ಜನರಿದ್ದೀರಿ ಎಂದು ನಾನೇನೂ ಹೇಳಬೇಕಿಲ್ಲ. ಆದರೆ ನಮ್ಮ ಬಡಾವಣೆಯಲ್ಲೇ ಕಛೇರಿಗಳಿಗೆ ಪಕ್ಕವಾದ್ಯ ನುಡಿಸುವ ಇಬ್ಬರು ವಿದ್ವಾಂಸರಿದ್ದಾರೆ. ಕೈಯಲ್ಲಿ ನಾದ ಅಂದರೆ ನಾದ. ಸ್ಟಾಫ್ ಮಾತ್ರ ಒಂದು ಗೆರೆ ಬರುವುದಿಲ್ಲ.

ನನಗೆ ಹೊಳೆದದ್ದು ಇಷ್ಟೇ. ಪಾಶ್ಚಾತ್ಯರ ಎಫ್ ಸ್ವರ ಅಂದರೆ ನಮ್ಮ ಶ್ರುತಿಯ ಲೆಕ್ಕದಲ್ಲಿ ನಾಲ್ಕು ಮನೆ. ಹೆಣ್ಣುಮಕ್ಕಳು ಹಾಡುವ ಶ್ರುತಿಗೆ ಹತ್ತಿರ, ಇವರಿಗೆ ದಿನನಿತ್ಯದ್ದು. ತಂತಿಗಳನ್ನು ಜಿ-ಡಿ-ಎ-ಇ ಬಿಟ್ಟು ಸ-ಪ-ಸ-ಪ, ಅಂದರೆ ಎಫ್-ಸಿ-ಎಫ್-ಸಿ ಮಾಡಿಸಿದೆ. ಎರಡೂ ಪಾರ್ಟನ್ನು ಕನ್ನಡ ಸ್ವರಲಿಪಿಯಲ್ಲಿ ಬರೆದೆ. ವಯೋಲಾ ಪಾರ್ಟಿನಲ್ಲಿ ಮಂದ್ರ ಷಡ್ಜದಿಂದ ಕೆಳಗೆ ಹೋದದ್ದನ್ನು ಚೆಲ್ಲೊಗೆ ದಾಟಿಸಿದೆ. ಚೆಲ್ಲೊದವರು ಲಾರ್ಗೆಟ್ಟೊದಲ್ಲಿ ಬಸೂನಿನ ಸಾಲನ್ನೂ ನುಡಿಸಬೇಕಿದ್ದರಿಂದ ಅವರ ಕೆಳಗಿನ ಸ್ವರಗಳನ್ನು ಡಬಲ್ ಬೇಸ್ ಹೊತ್ತಿತು. ಬರೆಯುವುದಕ್ಕೇ ಒಂದು ಬೇಸಿಗೆ ರಜೆ ಹೋಯಿತು.

ಮೊದಲ ಮೂವ್‌ಮೆಂಟ್ (ಭಾಗ) ಬೇಗ ಕೂತಿತು. ಲಾರ್ಗೆಟ್ಟೊ ಎ ಫ್ಲ್ಯಾಟ್ ಮೇಜರ್, ಐದೂವರೆ ಮನೆ. ತಂತಿ ಏರಿಸಿಕೊಳ್ಳಲಿ ಎಂದು ಮಾಡಿಸಿದರೆ, ಒಂದು ತಂತಿ ಪಟ್ಟನೆ ಹೋಯಿತು, ಉಳಿದವು ಐದು ನಿಮಿಷಕ್ಕೊಮ್ಮೆ ಇಳಿಯುತ್ತಾ ಕೂತವು. ತಲಾ ಎರಡು ಪಿಟೀಲು ತನ್ನಿ ಎಂದರೆ, ಹಿರಿಯರು "ನಮ್ಮ ಗುರುಗಳು ಕೊಟ್ಟದ್ದು ಬಿಟ್ಟು ಬೇರೇದು ಮುಟ್ಟಲ್ಲ" ಎಂದರು. ಕೊನೆಗೆ ದಾರಿ ತೋರಿಸಿದ್ದು ಕಿರಿಯ ವಿದ್ವಾಂಸರು. ಹೋಟೆಲಿನಲ್ಲಿ ದೋಸೆ ಬರುವುದರೊಳಗೆ, "ಸಾರ್, ಇದು ಗ್ರಹಭೇದ ಅಲ್ವಾ? ನಟಭೈರವಿ ಗಾಂಧಾರದಿಂದ ಹಿಡಿದ್ರೆ ಶಂಕರಾಭರಣ. ತಂತಿ ಯಾಕೆ ಏರಿಸ್ಬೇಕು?" ಎಂದರು. ಒಂದು ರಾಗದ ಬೇರೊಂದು ಸ್ವರವನ್ನು ಷಡ್ಜ ಎಂದುಕೊಂಡರೆ ಇನ್ನೊಂದು ರಾಗ ಬರುವುದೇ ಗ್ರಹಭೇದ. ಎಫ್ ಮೈನರಿಗೂ ಎ ಫ್ಲ್ಯಾಟ್ ಮೇಜರಿಗೂ ಸ್ವರಗಳು ಅವೇ ಏಳು. ಷಡ್ಜ ಎಫ್‌ನಲ್ಲೇ ಇರಲಿ, ಸಾಧಾರಣ ಗಾಂಧಾರ, ಅಂದರೆ ಎ ಫ್ಲ್ಯಾಟ್, ರಾಗದ ನೆಲೆಯಾಗಲಿ. ಇಡೀ ಮೂವ್‌ಮೆಂಟ್ ತಿರುಗಿ ಬರೆದೆ, ಶ್ರುತಿ ಅಲುಗಲಿಲ್ಲ.

ರೆಸಿಟೆಟಿವ್ ಎ ಫ್ಲ್ಯಾಟ್ ಮೈನರಿಗೆ ಜಾರುತ್ತದೆ. ಆ ಸ್ಕೇಲಿನಲ್ಲಿ ಎಫ್‌ಗೂ ಜಾಗವಿಲ್ಲ, ಸಿ‌ಗೂ ಇಲ್ಲ. ಸಾನೂ ಇಲ್ಲ ಪಾನೂ ಇಲ್ಲದ ರಾಗ ಯಾವುದಪ್ಪಾ ಎಂದು ಇಬ್ಬರೂ ನನ್ನ ಮುಖ ನೋಡಿದರು. ಬಿಟ್ಟ ತಂತಿ ಸ್ವಲ್ಪ ತಗುಲಿದರೂ ಕೆಟ್ಟಿತು. ಅಲ್ಲಿಗೆ ಬೆರಳು ಇಡುವ ಬೇರೆ ಕ್ರಮ ಮಾಡಿಕೊಟ್ಟಿದ್ದೇನೆ, ಅದು ನಮ್ಮ ಮೂವರಲ್ಲೇ ಇರಲಿ.

ಇನ್ನು ಗಮಕ, ಸ್ವರವನ್ನು ಅಲುಗಾಡಿಸಿ ನುಡಿಸುವ ಅಭ್ಯಾಸ. ಎಲ್ಲರೂ ಹೆದರಿಸಿದ್ದು ಇದನ್ನೇ ಹೇಳಿ. ನಿಜ ಹೇಳಬೇಕೆಂದರೆ ಅದು ಒಂದು ವಾರದ ತೊಂದರೆ. ಗಾಂಧಾರ ಅಲುಗಾಡುತ್ತಿತ್ತು, ನಿಂತಿತು. ಹೇಗೆ ನಿಲ್ಲಿಸಿದೆ ಎನ್ನುವುದನ್ನೂ ಬರೆಯುವುದಿಲ್ಲ, ಕೇಳಿದರೆ ನಗುತ್ತೀರಿ. ಯಾರೂ ಊಹಿಸದ ನಿಜವಾದ ತೊಂದರೆ ಇವರ ವಿದ್ಯೆಯದ್ದೇ. ಪಕ್ಕವಾದ್ಯದವರು ಹಾಡುವವರ ನೆರಳಿನಂತೆ ಹಿಂದೆ ಬರುತ್ತಾರೆ. ನಾನು ಬಲಗೈಯಲ್ಲಿ ಒಂದು ಸ್ವರ ಎಳೆದರೆ ಸಾಕು, ಇಬ್ಬರೂ ಕಾದು ನಿಲ್ಲುತ್ತಾರೆ. ಶೋಪಾನ್ ಶಿಷ್ಯರಿಗೆ ಹೇಳಿಕೊಡುತ್ತಿದ್ದದ್ದು ತದ್ವಿರುದ್ಧ, ಎಡಗೈ ಕಾಲ ಬಿಡಬಾರದು, ಬಲಗೈ ಮಾತ್ರ ಹಿಂದೆಮುಂದೆ ಆಡಬೇಕು. ಎಲ್ಲರೂ ನನಗಾಗಿ ಕಾದರೆ ರುಬಾಟೊ, ಆ ಹಿಂದೆಮುಂದೆಯ ಆಟ, ಎಲ್ಲಿ ಬಂತು? ಲಾರ್ಗೆಟ್ಟೊ ಎರಡು ನಿಮಿಷ ಉದ್ದವಾಗುತ್ತಿತ್ತು.

ಮೆಟ್ರೊನೋಮ್ ಇಟ್ಟರೆ ಇಬ್ಬರೂ ಮುಖ ಗಂಟಿಕ್ಕಿಕೊಂಡರು. ನಾನೇ ತಲೆಯಾಡಿಸಿ ಲೆಕ್ಕ ಕೊಟ್ಟರೆ ನನ್ನ ಕೈ ಕೆಟ್ಟಿತು. ಆಮೇಲೆ ತಾಳದ ಮೊರೆಹೋದೆ. ಲಾರ್ಗೆಟ್ಟೊಗೆ ಆದಿ, ಕೊನೆಯ ಭಾಗ ಫಿನಾಲೆಯ ಮಜುರ್ಕಾ (ಪೋಲೆಂಡಿನ ಕುಣಿತ) ನಡೆಗೆ ಮೂರರ ರೂಪಕ. ಶಿಷ್ಯನೊಬ್ಬನನ್ನು ಅಭ್ಯಾಸದುದ್ದಕ್ಕೂ ಅವರೆದುರು ತಾಳ ಹಾಕಿಕೊಂಡು ಕೂರಿಸಿದೆ. "ಮೃದಂಗದ ತನಿ ನಡೀತಿದೆ ಅಂದ್ಕೊಳ್ಳಿ, ನಾನು ಏನೇ ಮಾಡಿದ್ರೂ ಲೆಕ್ಕ ಬಿಡಬೇಡಿ" ಎಂದ ದಿನವೇ ಕೂತಿತು. ರೆಸಿಟೆಟಿವ್ ಬಂದಾಗ ಹುಡುಗ ಕೈ ಮಡಚುತ್ತಾನೆ, ಅಂದರೆ ಆಲಾಪನೆ, ಈಗ ಹಿಂದೆ ಬನ್ನಿ. ಆ ಇಪ್ಪತ್ತೆಂಟು ಬಾರ್‌ಗಳ ಆಸುಪಾಸಿನ ಜಾಗದಲ್ಲಿ ನಮ್ಮ ಇಬ್ಬರಂತೆ ಹಿಂಬಾಲಿಸುವವರನ್ನು ಸ್ಟಾಫ್ ಓದುವವರಲ್ಲಿ ನಾನು ಕಂಡಿಲ್ಲ. ಇದನ್ನು ಜಂಬ ಎಂದುಕೊಂಡರೂ ಸರಿಯೇ.

ಫಿನಾಲೆಯಲ್ಲಿ ಕಮಾನಿನ ಕಡ್ಡಿಯಿಂದ ತಂತಿಗೆ ಹೊಡೆಯುವ ಕೋಲ್ ಲೆಗ್ನೊ ಇದೆ. ಹಿರಿಯರು ಸುತರಾಂ ಒಪ್ಪಲಿಲ್ಲ, ಅವರದು ಸರಿ. 600 ರೂಪಾಯಿಯ ಕಲಿಕೆ ಕಮಾನು ಎರಡು ತಂದುಕೊಟ್ಟೆ.

ಗಾಳಿವಾದ್ಯಗಳಿಗೆ ಏನು ಮಾಡುವುದು ಎಂದು ಸುಮ್ಮನೆ ಒಂದಷ್ಟು ಅಡ್ಡದಾರಿ ಹಿಡಿದೆ. ಕೀಬೋರ್ಡಿನ ಕ್ಲಾರಿನೆಟ್ ದನಿ ಒಂದು ಸಂಜೆಗೇ ಸಾಕಾಯಿತು. ಸಂಯೋಜಕ ಶೋನ್‌ಬರ್ಗ್‌ನ ಗುಂಪು 1918ರಿಂದ ಕೆಲವು ವರ್ಷ ವಿಯೆನ್ನಾದಲ್ಲಿ ದೊಡ್ಡ ಕೃತಿಗಳನ್ನು ಚಿಕ್ಕದು ಮಾಡಿ ನುಡಿಸುವಾಗ ಹಾರ್ಮೋನಿಯಂ ಇಟ್ಟುಕೊಳ್ಳುತ್ತಿತ್ತು. ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಇನ್ನೇನು ಮತ್ತೆ? ಹುಬ್ಬಳ್ಳಿ ಕಡೆಯಿಂದ ಒಂದು ತರಿಸಿದೆ, ಸಾಗಣೆ ಸೇರಿ 22,000ದ ಹತ್ತಿರ. ಬಂದ ಮೇಲೆ ನೋಡಿದರೆ ಗಾಂಧಾರ ಟ್ಯೂನಿಂಗ್ (ಒಂದೇ ಷಡ್ಜಕ್ಕೆ ಶುದ್ಧವಾಗಿ ಹೊಂದಿಸಿದ್ದು), ಅವರ ಷಡ್ಜಕ್ಕೆ ಅಮೃತ, ನನ್ನ ಎ ಫ್ಲ್ಯಾಟ್‌ಗೆ ವಿಷ. ರೀಡುಗಳನ್ನು ತುದಿಯಲ್ಲಿ ಕೆರೆದರೆ ಶ್ರುತಿ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎಲ್ಲವನ್ನೂ ಪಿಯಾನೊಗೆ ಹೊಂದಿಸಲು ರಿಪೇರಿಯವರು ಇನ್ನೊಂದು 6,000 ತೆಗೆದುಕೊಂಡರು. ಈಗ ಶುರುವಿನಲ್ಲಿ ಇಡೀ ಮೇಳ ನುಡಿಸುವ ಟುಟ್ಟಿಯ ಉದ್ದ ಸ್ವರಗಳಲ್ಲಿ ಅದು ಬಹಳ ಚೆನ್ನಾಗಿ ಕೂರುತ್ತದೆ. ಫಿನಾಲೆಯಲ್ಲಿ ಮುಚ್ಚಿಡಿ, ಅಲ್ಲಿ ಉಬ್ಬಸ ಬಂದಂತೆ ಏದುತ್ತದೆ.

ಫಿನಾಲೆ ಎಫ್ ಮೇಜರಿಗೆ ತಿರುಗುವ ಹೊತ್ತಿನ ಆ ಹಾರ್ನ್ ಕರೆಗೆ ಮಾತ್ರ ನಿಜವಾದ ಹಿತ್ತಾಳೆಯೇ ಬೇಕಿತ್ತು. ಅರಮನೆಯ ಬ್ಯಾಂಡ್ ಪೊಲೀಸ್ ಬ್ಯಾಂಡ್ ಆಗಿ ಉಳಿದಿರುವ ಊರು ಇದು. ಅಲ್ಲಿಂದ ನಿವೃತ್ತರಾದ ಹಿರಿಯರೊಬ್ಬರನ್ನು ಕೇಳಿದೆ. "ನಾಲ್ಕು ಸ್ವರಕ್ಕೆ ನನ್ನ ಕರೀತೀರಾ?" ಎಂದು ರೇಗಿದರು. ವಾರ್ಸಾದ ಮೊದಲ ಕಛೇರಿಯಲ್ಲಿ ಒಂದನೇ ಮತ್ತು ಎರಡನೇ ಮೂವ್‌ಮೆಂಟಿನ ನಡುವೆ ಹಾರ್ನಿನವರೊಬ್ಬರು ಬೇರೆಯೇ ಕೃತಿ ನುಡಿಸಿದ್ದರು, ಅಂದಿನ ಪದ್ಧತಿ ಅದು. ಅದೇ ಜಾಗ ನಿಮ್ಮದು ಎಂದೆ. ಒಪ್ಪಿಕೊಂಡರು. ಆ ಏಳೆಂಟು ನಿಮಿಷದಲ್ಲಿ ಪಿಟೀಲಿನವರು ಶ್ರುತಿ ಸರಿಮಾಡಿಕೊಳ್ಳುತ್ತಾರೆ, ನಾನು ಬೆವರು ಒರೆಸಿಕೊಳ್ಳುತ್ತೇನೆ.

ದುಡ್ಡಿನ ಕಥೆ. ಮೊದಲ ಸಲ ಸಭಾಂಗಣ 18,000, ಗ್ರ್ಯಾಂಡ್ ಪಿಯಾನೊ ಬಾಡಿಗೆ, ಎತ್ತಿ ಇಳಿಸುವುದು, ಬೆಂಗಳೂರಿನ ಟ್ಯೂನರ್ ಎಲ್ಲ ಸೇರಿ 40,000 ಮೀರಿತು. ಕಲಾವಿದರಿಗೆ ತಲಾ 5,000, ಡಬಲ್ ಬೇಸ್‌ಗೆ ಪ್ರತ್ಯೇಕ ವಾಹನ. ಟಿಕೆಟ್ಟಿನಿಂದ ಬಂದದ್ದು 30,000 ಚಿಲ್ಲರೆ. ಪ್ರಾಯೋಜಕರಾಗುತ್ತೇನೆಂದ ಒಬ್ಬರು ಹಿಂದಿನ ವಾರ ಫೋನ್ ಎತ್ತುವುದನ್ನೇ ಬಿಟ್ಟರು. ರಷ್ಯಾದ ಸಂಯೋಜಕ ಮೆಟ್ನರ್‌ನ ಮೂರೂ ಕನ್ಸರ್ಟೊಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ದುಡ್ಡು ಕೊಟ್ಟದ್ದು ಇದೇ ಊರಿನ ಜಯಚಾಮರಾಜ ಒಡೆಯರು, ಮೂರನೆಯದು ಅವರಿಗೇ ಅರ್ಪಣೆಯಾಗಿದೆ. ಆ ಕಾಲ ನೆನೆದು ನಿಟ್ಟುಸಿರು ಬಿಟ್ಟು ಮಗಳ ಸ್ಕೂಟರಿಗೆ ಇಟ್ಟಿದ್ದ ಹಣ ತೆಗೆದೆ.

ಎರಡನೇ ಸಲ ಒಂದು ಗಾನಸಭೆಯವರೇ ಕರೆದರು. ವಿದ್ವಾಂಸರ ಶಿಷ್ಯರು, ಅವರ ಮನೆಯವರು ಬಂದು ಕುರ್ಚಿ ತುಂಬಿತು. ಹಿಂದಿನ ಸಾಲಿನವರು ಪಿಯಾನೊ ಕೇಳಿಸಲಿಲ್ಲ ಎಂದರು. ವಾರ್ಸಾದಲ್ಲೂ ಇದೇ ದೂರು ಬಂದು, ಮಾರ್ಚ್ 22ರ ಎರಡನೇ ಕಛೇರಿಗೆ ಶೋಪಾನ್ ಹೆಚ್ಚು ದನಿಯ ವಿಯೆನ್ನಾ ಪಿಯಾನೊ ಹಿಡಿದಿದ್ದ. ನನಗೆ ಆ ಅನುಕೂಲವಿಲ್ಲ, ಮುಚ್ಚಳವನ್ನು ಪೂರ್ತಿ ಎತ್ತಿ ಹಾರ್ಮೋನಿಯಂ ಹಿಂದಕ್ಕೆ ಸರಿಸಿದೆ.

ಈಗ ಶೋಪಾನ್‌ನ ಇನ್ನೊಂದು ಕನ್ಸರ್ಟೊ, ಇ ಮೈನರ್, ಹಿಡಿದಿದ್ದೇವೆ, ಮೂರು ಮನೆ. ಅದರ ಎರಡನೇ ಭಾಗ ರೊಮಾನ್ಸ್ ಇ ಮೇಜರ್, ಹಾಗಾಗಿ ಷಡ್ಜ ಅಲ್ಲೇ ಉಳಿಯುತ್ತದೆ, ಗ್ರಹಭೇದದ ಗೋಜಿಲ್ಲ. ಆದರೆ ಪಿಟೀಲುಗಳಿಗೆ ದನಿ ತಗ್ಗಿಸುವ ಮ್ಯೂಟ್ ಹಾಕಬೇಕು, ಹಿರಿಯರು ಇನ್ನೂ ಒಪ್ಪಿಲ್ಲ. ಎಫ್ ಮೈನರಿನ ಸ್ವರಲಿಪಿ ಬೇಕಾದವರು ಜೆರಾಕ್ಸ್ ಖರ್ಚು ಕೊಟ್ಟು ತೆಗೆದುಕೊಳ್ಳಬಹುದು, ರೆಸಿಟೆಟಿವ್‌ನ ಎರಡು ಹಾಳೆ ಬಿಟ್ಟು.