ಆಟದ ವಿಡಿಯೊಗೆ ಲ್ಯಾಪ್‌ಟಾಪ್ ಡಿಸ್ಕ್ ಆರಿಸಿದ್ದು ಹೀಗೆ

ಉಡುಪಿ, ಬ್ರಹ್ಮಾವರ, ಕುಂದಾಪುರ ಕಡೆ ನಡೆಯುವ ಯಕ್ಷಗಾನ ಆಟಗಳನ್ನು ನಾನು ವಿಡಿಯೊ ಮಾಡುತ್ತೇನೆ. ಹೆಚ್ಚಾಗಿ ಹರಕೆ ಆಟ ಆಡಿಸುವ ಮನೆಯವರೇ ಕರೆಯುತ್ತಾರೆ. ಎರಡು ಕ್ಯಾಮೆರಾ ಇಡುತ್ತೇನೆ. ಒಂದು ಇಡೀ ರಂಗಸ್ಥಳಕ್ಕೆ, ಇನ್ನೊಂದು ವೇಷದ ಮುಖಕ್ಕೆ, ಆಗಾಗ ಭಾಗವತರ ಕಡೆಗೆ. ಎಡಿಟಿಂಗ್ ಎಲ್ಲ ಲ್ಯಾಪ್‌ಟಾಪಿನಲ್ಲೇ. ಅದು ಡಿವಿಡಿ ಡ್ರೈವ್ ಇದ್ದ ಕಾಲದ್ದು. ಪ್ರೊಸೆಸರ್ ಇನ್ನೂ ಚೆನ್ನಾಗಿದೆ. ಒಳಗಿದ್ದ 500 ಜಿಬಿ ಹಾರ್ಡ್ ಡಿಸ್ಕ್ ಮಾತ್ರ ಸಾಲದಾಯಿತು. ಜಾಗವೂ ಸಾಲದು, ಸ್ಪೀಡೂ ಸಾಲದು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ ನನಗೂ ಪುರುಸೊತ್ತು ಸಿಗುತ್ತದೆ. ಆಗ ಈ ಕೆಲಸಕ್ಕೆ ಕೂತೆ.

ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಜಿಬಿ ಬೇಕು’ ಅಂತ. ಅದರ ಲೆಕ್ಕ ಮನೆಯಲ್ಲೇ ಆಗಬೇಕು. ನನ್ನ ಕ್ಯಾಮೆರಾ ಸೆಕೆಂಡಿಗೆ 28 ಮೆಗಾಬಿಟ್ ಬರೆಯುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 3.5 ಎಂಬಿ, ಗಂಟೆಗೆ 12.6 ಜಿಬಿ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮಂಗಳ ಹಾಡುವ ಆಟಕ್ಕೆ ಒಂದು ಕ್ಯಾಮೆರಾದಿಂದ 113 ಜಿಬಿ, ಎರಡರಿಂದ ಸುಮಾರು 227 ಜಿಬಿ. ಐದು ಗಂಟೆಯ ಕಾಲಮಿತಿ ಆಟವಾದರೆ 126 ಜಿಬಿ. ಹಳೆಯ ಡಿಸ್ಕಿನಲ್ಲಿ ವಿಂಡೋಸ್, ಸಾಫ್ಟ್‌ವೇರ್ ಎಲ್ಲ ಕಳೆದರೆ ಒಂದು ರಾತ್ರಿಯ ಆಟಕ್ಕಷ್ಟೇ ಜಾಗ ಉಳಿಯುತ್ತಿತ್ತು. 2 ಟಿಬಿ, ಅಂದರೆ 2000 ಜಿಬಿ, ಇದ್ದರೆ ಇಡೀ ರಾತ್ರಿಯ ಎಂಟು ಆಟ ಹಿಡಿಯುತ್ತದೆ. ಅಂದಹಾಗೆ 2 ಟಿಬಿ ಡಿಸ್ಕ್ ಹಾಕಿದರೆ ವಿಂಡೋಸ್ 1863 ಜಿಬಿ ಅಂತ ತೋರಿಸುತ್ತದೆ. ಹೆದರಬೇಡಿ, ಜಾಗ ಎಲ್ಲೂ ಹೋಗಿಲ್ಲ. ಕಂಪೆನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಇನ್ನು ಸ್ಪೀಡು. ಇದರಲ್ಲಿ ಸ್ವಲ್ಪ ಜಾಸ್ತಿ ತಲೆ ಓಡಿಸಬೇಕು. ಎರಡೂ ಕ್ಯಾಮೆರಾದ ವಿಡಿಯೊ ಒಟ್ಟಿಗೆ ಓಡಿಸಿದರೂ ಬೇಕಾಗುವುದು ಸೆಕೆಂಡಿಗೆ 7 ಎಂಬಿ. ಸಾಧಾರಣ 5400 ಆರ್‌ಪಿಎಂ (ಒಳಗಿನ ತಟ್ಟೆ ನಿಮಿಷಕ್ಕೆ ತಿರುಗುವ ಸುತ್ತು) ಹಾರ್ಡ್ ಡಿಸ್ಕ್ ಉದ್ದದ ಫೈಲನ್ನು ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿ ಓದುತ್ತದೆ. ತುಂಬುತ್ತಾ ಹೋದಂತೆ ತಟ್ಟೆಯ ಒಳಸುತ್ತಿಗೆ ಬಂದಾಗ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೂ 7 ಎಂಬಿಗೆ ಧಾರಾಳ ಸಾಕು. ಕಾರ್ಡಿನಿಂದ ಕಾಪಿ ಮಾಡುವಾಗಲೂ ನನ್ನ ಕಾರ್ಡೇ 90 ಎಂಬಿಗಿಂತ ಮೇಲೆ ಹೋಗುವುದಿಲ್ಲ. ಡಿಸ್ಕ್ ಎಷ್ಟೇ ಚುರುಕಾಗಿದ್ದರೂ ಅಲ್ಲಿ ಲಾಭ ಇಲ್ಲ.

ಹಾಗಾದರೆ ಎಡಿಟಿಂಗ್ ಯಾಕೆ ತಡವರಿಸುತ್ತಿತ್ತು? ಕಾರಣ ಸಣ್ಣ ಸಣ್ಣ ಫೈಲುಗಳು. ಸಾಫ್ಟ್‌ವೇರ್ ಪ್ರತಿ ಕ್ಲಿಪ್ಪಿಗೂ ಚಿಕ್ಕ ಚಿತ್ರ, ಚೆಂಡೆ ಮದ್ದಳೆಯ ಸದ್ದಿನ ಗ್ರಾಫ್, ಕ್ಯಾಶ್ ಫೈಲ್ (ಬೇಗ ತೆರೆಯಲು ಇಡುವ ತಾತ್ಕಾಲಿಕ ಪ್ರತಿ) ಎಲ್ಲ ಮಾಡಿಡುತ್ತದೆ. ಅವು ಡಿಸ್ಕಿನಲ್ಲಿ ಅಲ್ಲಲ್ಲಿ ಚದುರಿರುತ್ತವೆ. 5400 ಆರ್‌ಪಿಎಂನಲ್ಲಿ ತಟ್ಟೆ ಒಂದು ಸುತ್ತು ಬರಲು 11 ಮಿಲಿಸೆಕೆಂಡು ಬೇಕು. ಅಂದರೆ ಬೇಕಾದ ಜಾಗ ಓದುವ ಹೆಡ್ ಕೆಳಗೆ ಬರಲು ಸರಾಸರಿ 5.6 ಮಿಲಿಸೆಕೆಂಡು ಕಾಯಬೇಕು. 7200ರಲ್ಲಿ 4.2. ಹೆಡ್ ಅತ್ತಿತ್ತ ಓಡುವ ಸಮಯ ಬೇರೆ. ಹೀಗೆ ಹುಡುಕುವ ಕೆಲಸ ಸೆಕೆಂಡಿಗೆ ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಎಲ್ಲ ಚಿಪ್ಪಿನಲ್ಲೇ. ಅದು ಇಂಥ ಕೆಲಸವನ್ನು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಮಾಡುತ್ತದೆ. 5400ರಿಂದ 7200ಕ್ಕೆ ಹೋದರೆ ಸಿಗುವ ಲಾಭ ಇದರ ಮುಂದೆ ಏನೂ ಅಲ್ಲ. ಜೊತೆಗೆ 7200ರಲ್ಲಿ ಬಿಸಿಯೂ ಜಾಸ್ತಿ, ಬ್ಯಾಟರಿಯೂ ಬೇಗ ಖಾಲಿ.

ಹಾಗಾಗಿ ಕೆಲಸ ಹಂಚಿದೆ. ವಿಂಡೋಸ್, ಸಾಫ್ಟ್‌ವೇರ್, ಕ್ಯಾಶ್, ಸದ್ಯ ಎಡಿಟ್ ಮಾಡುತ್ತಿರುವ ಒಂದು ಆಟ, ಇಷ್ಟಕ್ಕೆ 500 ಜಿಬಿ ಎಸ್‌ಎಸ್‌ಡಿ. ಉಳಿದ ಆಟಗಳಿಗೆ 2 ಟಿಬಿ ಹಾರ್ಡ್ ಡಿಸ್ಕ್.

ಎಸ್‌ಎಸ್‌ಡಿ ಕೊಳ್ಳಲು ಮಂಗಳೂರಿಗೆ ಹೋಗಿದ್ದೆ. ಹಂಪನಕಟ್ಟೆಯ ಅಂಗಡಿಯವರು ಮೊದಲು ತೋರಿಸಿದ್ದು ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ. ಸೆಕೆಂಡಿಗೆ 3500 ಎಂಬಿ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಅದರ ಸ್ಲಾಟೇ ಇಲ್ಲ. ಇರುವುದು ಹಳೆಯ ಬಗೆಯ ಸಾಟಾ ಕನೆಕ್ಷನ್, ಅದರ ಮಿತಿ ಸುಮಾರು 550 ಎಂಬಿ. ನನಗೆ ಅದೇ ಸಾಕು. ಹೊಸ ಲ್ಯಾಪ್‌ಟಾಪ್ ಇರುವವರು ಒಂದು ಗಮನಿಸಿ. ಎಂ.2 ಎಂಬ ಚಿಕ್ಕ ಪಟ್ಟಿಯ ಆಕಾರದಲ್ಲಿ ಸಾಟಾವೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ನೋಡಲು ಹೆಚ್ಚುಕಡಿಮೆ ಒಂದೇ ಥರ. ನಿಮ್ಮ ಸ್ಲಾಟ್ ಯಾವುದಕ್ಕೆ ಅಂತ ಮ್ಯಾನುವಲ್ ನೋಡಿಯೇ ದುಡ್ಡು ಕೊಡಿ.

ಚಿಪ್ಪಿನ ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ, ಕಡಿಮೆ ಬೆಲೆಯ ಕ್ಯೂಎಲ್‌ಸಿ ಎಸ್‌ಎಸ್‌ಡಿಯನ್ನು ನಾನು ಬಿಟ್ಟೆ. ಅದರಲ್ಲಿ ಮೊದಲು ಒಂದಿಷ್ಟು ಜಿಬಿ ಬೇಗ ಬರೆಯುತ್ತದೆ. ಆ ವೇಗದ ಜಾಗ ತುಂಬಿದ ಮೇಲೆ ಹಾರ್ಡ್ ಡಿಸ್ಕಿನ ಮಟ್ಟಕ್ಕೋ ಅದಕ್ಕಿಂತ ಕೆಳಗೋ ಇಳಿಯಬಹುದು. ಒಮ್ಮೆಲೇ 227 ಜಿಬಿ ಸುರಿಯುವವನಿಗೆ ಅದು ಆಗುವುದಿಲ್ಲ. ಕೋಶಕ್ಕೆ ಮೂರು ಬಿಟ್ಟಿನ ಟಿಎಲ್‌ಸಿ ತೆಗೆದುಕೊಂಡೆ. ಅದಕ್ಕೆ 300 ಟಿಬಿ ಬರೆಯುವವರೆಗೆ ವಾರಂಟಿ. ಆಟವೊಂದಕ್ಕೆ ಕಾಲು ಟಿಬಿ ಅಂತ ಹಿಡಿದರೂ 1200 ಆಟ. ಸವೆದುಹೋಗುತ್ತದೆ ಅಂತ ಸುಮ್ನೆ ಚಿಂತೆ ಮಾಡಬೇಕಾಗಿಲ್ಲ, ಅಲ್ವಾ?

ಹಾರ್ಡ್ ಡಿಸ್ಕಿನಲ್ಲಿ ನೋಡಬೇಕಾದ್ದು ಎಸ್‌ಎಂಆರ್ ಹೌದೋ ಅಲ್ಲವೋ ಅಂತ. 7 ಮಿಲಿಮೀಟರ್ ದಪ್ಪದಲ್ಲಿ 2 ಟಿಬಿ ಹಿಡಿಸಲು ಈ ವಿಧಾನ ಬಳಸುತ್ತಾರೆ. ಮಾಡಿನ ಹಂಚಿನ ಹಾಗೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಸ್ವಲ್ಪ ಹತ್ತಿ ಕೂತಿರುತ್ತದೆ. ಮಧ್ಯದ ಒಂದನ್ನು ಬದಲಿಸಬೇಕಾದರೆ ಅದರ ಮೇಲಿನವನ್ನೂ ತೆಗೆದು ಮತ್ತೆ ಕೂರಿಸಬೇಕು. ವಿಂಡೋಸ್ ಹಾಕಿ ದಿನವೂ ಬರೆದು ಅಳಿಸುವವರಿಗೆ ಇದು ನಿಧಾನ. ನಾನು ಒಂದು ಆಟವನ್ನು ಒಮ್ಮೆ ಬರೆದಿಟ್ಟರೆ ಮತ್ತೆ ಓದುವುದಷ್ಟೇ. ನನಗೆ ತೊಂದರೆ ಇಲ್ಲ.

ಕೂರಿಸುವ ಕೆಲಸ ಸುಲಭ. ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ, ಅಂದರೆ ಡಿಸ್ಕ್ ಕೂರಿಸುವ ಚೌಕಟ್ಟು, ಹಾಕಿದೆ. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತದೆ, ಅಳತೆ ಮಾಡಿಯೇ ತನ್ನಿ. ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿವಿಡಿಯ ಸಾಟಾ ಕನೆಕ್ಷನ್ನಿನ ಸ್ಪೀಡ್ ಕಡಿಮೆ. ಅದಕ್ಕೇ ಎಸ್‌ಎಸ್‌ಡಿ ಮುಖ್ಯ ಜಾಗಕ್ಕೆ, ಹಾರ್ಡ್ ಡಿಸ್ಕ್ ಕ್ಯಾಡಿಗೆ. ಹೊಸ ಡಿಸ್ಕ್ ಹಾಕಿದ ಕೂಡಲೇ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ತೆರೆದು ನೋಡಿ. ಓಡಿದ ಗಂಟೆಗಳು ಸೊನ್ನೆಯ ಹತ್ತಿರ ಇರಬೇಕು. ಹಾರ್ಡ್ ಡಿಸ್ಕಾದರೆ ಕೆಟ್ಟ ಜಾಗಗಳ ಲೆಕ್ಕ ಹೇಳುವ 05 ಮತ್ತು ಸಿ5 ಸಾಲಿನ ಮೊತ್ತ ಸೊನ್ನೆಯೇ ಇರಬೇಕು. ಇಲ್ಲವಾದರೆ ಅದೇ ದಿನ ವಾಪಸ್ ಕೊಡಿ. ಬ್ಯಾಗಿಗೆ ಹಾಕುವ ಮೊದಲು ಪೂರ್ತಿ ಶಟ್‌ಡೌನ್ ಮಾಡುತ್ತೇನೆ. ನಮ್ಮ ರಸ್ತೆಯ ಹೊಂಡಗಳಲ್ಲಿ ತಿರುಗುತ್ತಿರುವ ತಟ್ಟೆಯನ್ನು ಒಯ್ಯಬಾರದು.

ಎಲ್ಲ ಆಟಕ್ಕೂ ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಮಳೆಗಾಲದಲ್ಲೂ ಆಗಾಗ ಹಾಕಿ ನೋಡುವುದು. ಇದಕ್ಕೆ ಎಸ್‌ಎಸ್‌ಡಿ ಬಳಸುವುದಿಲ್ಲ, ಯಾಕೆಂದರೆ ಕರೆಂಟಿಲ್ಲದೆ ವರ್ಷಗಟ್ಟಲೆ ಇಟ್ಟ ಎಸ್‌ಎಸ್‌ಡಿಯಲ್ಲಿ ಡೇಟಾ ಅಳಿಯುವ ಅಪಾಯ ಇದೆ. ಒಬ್ಬ ಹಿರಿಯ ವೇಷಧಾರಿ ಆ ರಾತ್ರಿ ಹಾಕಿದ ಹೆಜ್ಜೆ ಮತ್ತೆ ಸಿಗುವುದಿಲ್ಲ. ಅದಕ್ಕಾಗಿ ಇಷ್ಟಾದರೂ ಮಾಡಲೇಬೇಕು.

ಈಗ ಕೆಲವು ಮನೆಯವರು 4ಕೆ ಕೇಳುತ್ತಿದ್ದಾರೆ. ಸೆಕೆಂಡಿಗೆ 100 ಮೆಗಾಬಿಟ್ ಆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಒಂಬತ್ತು ಗಂಟೆಗೆ 810 ಜಿಬಿ. 2 ಟಿಬಿಯಲ್ಲಿ ಎರಡೇ ಆಟ. ಅದಕ್ಕೆ ಹೊರಗಿನಿಂದ ಕರೆಂಟ್ ಕೊಡುವ 3.5 ಇಂಚಿನ ದೊಡ್ಡ ಡಿಸ್ಕೇ ಬೇಕು. ಒಳಗಿನ ಎಸ್‌ಎಸ್‌ಡಿಯೂ 1 ಟಿಬಿ ಆಗಬೇಕು. ಮುಂದಿನ ತಿರುಗಾಟಕ್ಕೆ ಮೊದಲು 4ಕೆ ಆಟ ಎಷ್ಟು ಬುಕ್ ಆಗುತ್ತದೆ ನೋಡಿಕೊಂಡು ತೆಗೆದುಕೊಳ್ಳುತ್ತೇನೆ.