ಸಮಾಜಕ್ಕೆ ಮಾತು ಹೇಳುವ ಹಾಡುಗಾರರನ್ನು ನಮ್ಮ ಸೀಮೆಯಲ್ಲಿ ಹುಡುಕುವ ಬಗೆ

ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಸಮಾಜದ ಓರೆಕೋರೆಗಳನ್ನು ನೇರವಾಗಿ ಹಾಡುವವರು ಹೆಚ್ಚಾಗಿ ಅಮಾವಾಸ್ಯೆಯ ಭಜನೆಯಲ್ಲಿ ಮತ್ತು ಜಾತ್ರೆಯ ಅಹೋರಾತ್ರಿ ಗೀಗೀ ಮೇಳಗಳಲ್ಲಿ, ಅಂದರೆ 'ಗೀಗೀ' ಎಂದು ದನಿಗೂಡಿಸಿ ಹಾಡುವ ತಂಡಗಳಲ್ಲಿ, ಸಿಗುತ್ತಾರೆ. ಆದ್ದರಿಂದ ಮೊದಲು ನಿಮ್ಮ ಊರಿನ ಭಜನಾ ಸಂಘದ ಹಿರಿಯರ ಬಳಿ ಹೋಗಿ, "ಈ ವರ್ಷ ಯಾವ ಮೇಳಕ್ಕ ವೀಳ್ಯ ಕೊಟ್ಟೀರಿ, ಅಜ್ಜಾರ?" ಎಂದು ಕೇಳಿರಿ. ವೀಳ್ಯ ಕೊಡುವುದೆಂದರೆ ಮೇಳವನ್ನು ಹಾಡಲು ಗೊತ್ತುಮಾಡುವುದು.

ಹರದೇಶಿ-ನಾಗೇಶಿ ಮೇಳವಿದ್ದರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಹರದೇಶಿಯವರು ಪುರುಷನ ಪಕ್ಷವನ್ನೂ ನಾಗೇಶಿಯವರು ಸ್ತ್ರೀಯ ಪಕ್ಷವನ್ನೂ ಹಿಡಿದು, ದಪ್ಪು, ತುಂತುಣಿ, ತಾಳಗಳ ಜೊತೆಗೆ ಬೆಳಗಿನವರೆಗೆ ಸವಾಲು-ಜವಾಬು ಹಾಡುತ್ತಾರೆ. ಆರಂಭದಲ್ಲಿ ಸ್ತುತಿ ಮತ್ತು ಪುರಾಣದ ವಾದಗಳೇ ಹೆಚ್ಚು. ನಡುರಾತ್ರಿ ದಾಟಿದ ಮೇಲೆ ವಾದವು ಮನೆಯೊಳಗೆ ಇಳಿದು ವರದಕ್ಷಿಣೆ, ಕುಡಿತ, ಹೆಣ್ಣುಮಗಳ ಪಾಲಿನ ಹೊಲ ಎಲ್ಲವೂ ಹಾಡಿಗೆ ಬರುವುದನ್ನು ನಾನು ಕೇಳಿದ್ದೇನೆ. ಅಂಥ ಒಂದು ಹೊತ್ತಿನಲ್ಲಿ, ಮುಂದೆ ಕುಳಿತಿದ್ದ ಮುದುಕಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಮಡಿಚಿ ಮೆತ್ತಗಾಗಿದ್ದ ಹತ್ತು ರೂಪಾಯಿಯ ನೋಟನ್ನು ನಾಗೇಶಿ ಹಾಡುವಾಕೆಯ ಕೈಯಲ್ಲಿಟ್ಟು, ಏನೂ ಮಾತನಾಡದೆ ಮತ್ತೆ ತಮ್ಮ ಜಾಗಕ್ಕೆ ಬಂದು ಕುಳಿತರು. ಬೇಗ ಎದ್ದು ಬರುವವರಿಗೆ ಇದಾವುದೂ ದಕ್ಕುವುದಿಲ್ಲ.

ಹಾಡಿನ ಕೊನೆಯ ನುಡಿಯನ್ನು ವಿಶೇಷ ಗಮನವಿಟ್ಟು ಕೇಳಿರಿ. ಹಾಡುವವರೇ ಹಾಡು ಕಟ್ಟಿದವರಾಗಿರಬೇಕೆಂದೇನಿಲ್ಲ. ಕಟ್ಟಿದವರ ಊರು, ಗುರು, ಅಂಕಿತಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು, ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾಗಿ ಬಾಳಿ, ಜಾತಿಮತದ ಗೋಡೆಗಳನ್ನು ಮೀರಿದ ತತ್ತ್ವಪದಗಳಲ್ಲಿ ಶಿಶುನಾಳಧೀಶನ ಅಂಕಿತದ ಮೂಲಕ ತಮ್ಮ ಊರನ್ನೇ ಉಳಿಸಿಹೋದರು. ಇಂದಿನ ಕವಿಯ ಊರಿನ ಹೆಸರು ಕಿವಿಗೆ ಬಿದ್ದೊಡನೆ ಬರೆದಿಟ್ಟುಕೊಂಡು ಮುಂದಿನ ವಾರವೇ ಆ ಊರಿನ ಬಸ್ಸು ಹತ್ತಬೇಕು.

ಧ್ವನಿ ಹಿಡಿಯುವ ಮುನ್ನ ಮೇಳದವರ ಒಪ್ಪಿಗೆ ಪಡೆಯಿರಿ. ಮೊಬೈಲನ್ನು ದಪ್ಪಿನ ಪಕ್ಕದಲ್ಲಿ ಇಡಬೇಡಿರಿ. ನಾನು ಮೊದಲ ಸಲ ಹಾಗೆ ಇಟ್ಟು, ಇಡೀ ರಾತ್ರಿಯ ಹಾಡಿನಲ್ಲಿ ಬಡಿತವನ್ನು ಮಾತ್ರ ಉಳಿಸಿಕೊಂಡು ಪದಗಳನ್ನೆಲ್ಲ ಕಳೆದುಕೊಂಡೆ. ಆ ನಷ್ಟ ಇಂದಿಗೂ ನೋಯಿಸುತ್ತದೆ.

1990ರ ದಶಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳಿಂದ (ಊರೂರು ತಿರುಗುವ ಹಾಡು-ನಾಟಕದ ತಂಡಗಳಿಂದ) ಹಿಡಿದು ಇಂದಿನವರೆಗೆ, ಸರಕಾರದ ಯೋಜನೆಗಳಿಗಾಗಿ ಹಾಡು ಕಟ್ಟಿಸುವ ವಾಡಿಕೆಯಿದೆ. ಅವುಗಳಲ್ಲಿಯೂ ಒಳ್ಳೆಯ ಹಾಡುಗಳಿವೆ. ಆದರೆ ಹಾಡುಗಾರರ ನಿಜವಾದ ಕಳಕಳಿ ತಿಳಿಯಬೇಕಾದರೆ, ಯಾರೂ ಸಂಭಾವನೆ ಕೊಡದ ದಿನ ಅವರು ತಮ್ಮ ಓಣಿಯ ಕಟ್ಟೆಯ ಮೇಲೆ ಯಾವ ಹಾಡನ್ನು ಎತ್ತಿಕೊಳ್ಳುತ್ತಾರೆ ಎಂಬುದನ್ನು ನೋಡಬೇಕು.

ಕೊನೆಗೆ, ನೀವು ಬರೆದುಕೊಂಡ ಹಾಡನ್ನು ಅವರ ಮುಂದೆಯೇ ಕುಳಿತು ಓದಿ ತಿದ್ದಿಸಿಕೊಳ್ಳಿರಿ. ತಪ್ಪಾದ ಒಂದು ಪದವನ್ನು ತಿದ್ದುವ ನೆಪದಲ್ಲಿಯೇ ಅವರು ಆ ನುಡಿ ಯಾವ ಬರಗಾಲದಲ್ಲಿ, ಯಾರ ಮನೆಯ ಎತ್ತು ಮಾರಾಟವಾದ ದಿನ ಹುಟ್ಟಿತೆಂದು ಹೇಳತೊಡಗುತ್ತಾರೆ. ಅದನ್ನು ಹಾಡಿನ ಕೆಳಗೆ ದಿನಾಂಕದೊಡನೆ ಬರೆದಿಡಿರಿ.